ಉಪ್ಪುನೀರಿನಲ್ಲಿ ಅರವತ್ತು ಚೆಂಡು

ನಮ್ಮಣ್ಣನನ್ನು ಕಾರ್ಖಾನೆಯಲ್ಲಿ ಎಲ್ಲರೂ ಭೂತಗನ್ನಡಿ ಅಂತಲೇ ಕರೆಯುತ್ತಾರೆ. ಬೇರಿಂಗ್ ಮಾಡುವ ಕಾರ್ಖಾನೆ ಅದು. ಇಪ್ಪತ್ತೇಳು ವರ್ಷದಿಂದ ಅವನದು ಒಂದೇ ಕೆಲಸ, ಕೊನೆಯ ತಪಾಸಣೆ. ಉಕ್ಕಿನ ಗುಂಡುಗಳು ತಟ್ಟೆಯಲ್ಲಿ ಅವನ ಮುಂದೆ ಬರುತ್ತವೆ. ಒಂದೊಂದನ್ನೇ ದೀಪದ ಕೆಳಗೆ ಉರುಳಿಸಿ ನೋಡುತ್ತಾನೆ. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ. ಕೂದಲೆಳೆಯಷ್ಟು ಗೀರಿದ್ದರೂ ಅವನ ಕಣ್ಣು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಮನೆಯಲ್ಲೂ ಅದೇ ಬುದ್ಧಿ. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಹೊಸ ಅಂಗಿ ಕೊಟ್ಟರೆ, ಹಾಕಿಕೊಳ್ಳುವ ಮೊದಲು ಕಾಲರ್ ತಿರುಗಿಸಿ ಹೊಲಿಗೆ ನೋಡುವ ಗಿರಾಕಿ ಅವನೊಬ್ಬನೇ.

ಅತ್ತಿಗೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೊಟ್ಟೆಯೊಳಗಿನ ಕಾಯಿಲೆ. ಗೊತ್ತಾಗುವ ಹೊತ್ತಿಗೆ ಡಾಕ್ಟರು ಕೈಚೆಲ್ಲಿ ಕೂತಿದ್ದರು. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಅಣ್ಣ ಅಳಲಿಲ್ಲ. ಮೂರನೇ ವಾರ ಕೆಲಸಕ್ಕೆ ಹೋದ, ಹೋಗಿ ಕೂತವನು ಬಂದ ಗುಂಡುಗಳನ್ನೆಲ್ಲ ಕೆಂಪು ಡಬ್ಬಕ್ಕೆ ಹಾಕತೊಡಗಿದ. ಬೇರೆಯವರು ಅಳೆದು ನೋಡಿದರೆ ಹೆಚ್ಚಿನವು ಸರಿಯಾಗೇ ಇದ್ದವು. ಮ್ಯಾನೇಜರು ಹೇಳಿ ನೋಡಿದರು, ಗದರಿಯೂ ನೋಡಿದರು. ಕೊನೆಗೆ ಎರಡು ತಿಂಗಳು ರಜೆ ಕೊಟ್ಟು ಕಳಿಸಿದರು. ಒಂದನೇ ತಾರೀಖು ವಾಪಸ್ ಬಂದಾಗಲೂ ಇದೇ ಕಥೆಯಾದರೆ ಆ ಜಾಗಕ್ಕೆ ಬೇರೆಯವರನ್ನು ಕೂರಿಸಬೇಕಾಗುತ್ತದೆ ಅಂತ ನನಗೇ ಫೋನ್ ಮಾಡಿ ಹೇಳಿದರು. ಹೆಂಡತಿ ಹೋದ ಮೇಲೆ ಅವನಿಗೆ ಉಳಿದಿದ್ದೇ ಆ ಕುರ್ಚಿ. ಅದೂ ಹೋದರೆ ಅಣ್ಣ ನಮ್ಮ ಕೈಗೆ ಉಳಿಯುವುದಿಲ್ಲ ಅಂತ ನನಗೆ ದಿಗಿಲು.

ಅವನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಕೂತರೆ ಕೂತ, ಎದ್ದರೆ ಎದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ, ಉಪ್ಪು ಹಾಕುವುದನ್ನು ನಾನು ಮರೆತ ದಿನವೂ ತಿಂದ. ಮಾತಾಡಿಸಿದರೆ ಹೂಂ ಅನ್ನುತ್ತಿದ್ದ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವನ ಮೇಲೆ ರೇಗುವುದಕ್ಕೂ ಏನೂ ಸಿಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನೊಳಗೂ ಏನೂ ಇರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ, ಸಂಜೆ ಹಾಕುತ್ತಿದ್ದೆ.

ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಎರಡು ವರ್ಷದಿಂದ ಅವರಿಗೆ ಗಾಲ್ಫ್ ಹುಚ್ಚು. ಊರಾಚೆ ಯಾರು ಬೇಕಾದರೂ ಆಡಬಹುದಾದ ಮೈದಾನವೊಂದಿದೆ, ಭಾನುವಾರ ಬಂತೆಂದರೆ ಅಲ್ಲಿಗೆ ಓಟ. ಡಾಕ್ಟರು ಅಣ್ಣನಿಗೆ ನಡೆಯಬೇಕು, ನಾಲ್ಕು ಜನರ ಜೊತೆ ಇರಬೇಕು ಅಂದಿದ್ದೇ ತಡ, ಇವರು ಅವನನ್ನೂ ಹೊರಡಿಸಿದರು. ಅಣ್ಣ ಬರಲ್ಲ ಅನ್ನಲಿಲ್ಲ, ಬರುತ್ತೇನೆ ಅಂತಲೂ ಅನ್ನಲಿಲ್ಲ. ಹೋಗಿ ಕೋಲು ಬೀಸಿದ. ಒಂದು ಚೆಂಡು ಪೊದೆಗೆ, ಒಂದು ಕೆರೆಗೆ, ಮೂರನೆಯದಕ್ಕೆ ಕೋಲೇ ತಾಗಲಿಲ್ಲವಂತೆ. ಎರಡು ಭಾನುವಾರಕ್ಕೆ ಇವರ ಒಂಬತ್ತು ಚೆಂಡು ಕಳೆದವು. ಮೂರನೆಯ ವಾರ ಇವರು ಮೆಲ್ಲಗೆ ಅಂದರು, ಭಾವ, ನಿಮಗೆ ಅಂತಲೇ ಒಂದಿಷ್ಟು ಚೆಂಡು ಆರಿಸಿಕೊಳ್ಳಿ.

ಚೆಂಡಿನ ಅಂಗಡಿಗೆ ನಾನೂ ಹೋಗಿದ್ದೆ. ಮೈದಾನಕ್ಕೆ ಅಂಟಿಕೊಂಡ ಒಂದೇ ಕೋಣೆ, ಗೋಡೆ ತುಂಬ ಚೆಂಡಿನ ಡಬ್ಬಗಳು. ನನಗಂತೂ ಎಲ್ಲವೂ ಒಂದೇ ಥರ ಕಂಡವು. ಅಂಗಡಿಯವರು ತಾಳ್ಮೆಯ ಮನುಷ್ಯ, ಬಿಡಿಸಿ ಹೇಳಿದರು. ಮೂರು ನಾಲ್ಕು ಪದರದ ದುಬಾರಿ ಚೆಂಡು ಪಳಗಿದ ಕೈಗೆ. ಹೊಸಬರು ಜೋರಾಗಿ ಬೀಸುವುದಿಲ್ಲ, ನೇರವಾಗಿಯೂ ಹೊಡೆಯುವುದಿಲ್ಲ, ಅವರಿಗೆ ಎರಡು ಪದರದ ಮೆತ್ತನೆಯದು ಸಾಕು. ಹೇಗಿದ್ದರೂ ಕಳೆಯುವುದೇ, ಆದ್ದರಿಂದ ಕೆರೆಯಿಂದ ಎತ್ತಿ ತೊಳೆದ ಹಳೆಯ ಚೆಂಡಾದರೂ ನಡೆಯುತ್ತದೆ. ಆದರೆ ಒಂದೇ ಜಾತಿಯದು ಹಿಡಿದು ಅದರಲ್ಲೇ ಆಡಬೇಕು, ಆಗ ಕೈಗೆ ಅದರ ಗುಣ ತಿಳಿಯುತ್ತದೆ. ಇಷ್ಟು ಹೇಳಿ, ಮೆತ್ತನೆಯದೊಂದು ಗಟ್ಟಿಯದೊಂದು ನೆಲದ ಮೇಲಿಟ್ಟು ಅಣ್ಣನಿಂದಲೇ ಮೆಲ್ಲಗೆ ತಟ್ಟಿಸಿದರು. ವ್ಯತ್ಯಾಸ ಗೊತ್ತಾಯಿತಾ ಅಂತ ಕೇಳಿದರು. ಅಣ್ಣ ಕೈಯನ್ನೊಮ್ಮೆ ನೋಡಿಕೊಂಡ.

"ಇಲ್ಲ. ನನಗೇನೂ ಗೊತ್ತಾಗ್ತಿಲ್ಲ," ಅಂದ.

ಆಮೇಲೆ ಹಳೆಯ ಚೆಂಡುಗಳ ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಬದಿಗಿಟ್ಟ. ಇನ್ನೊಂದು ತೆಗೆದ. ಅವನು ಅಳೆದೂ ಸುರಿದೂ ಮುಗಿಸುವಷ್ಟರಲ್ಲಿ ನನ್ನ ಕಾಲು ಮರಗಟ್ಟಿತು, ಇವರು ಹೊರಗೆ ಹೋಗಿ ಒಂದು ಸುತ್ತು ಆಡಿ ಬಂದರು. ಅಣ್ಣ ಒಂದನ್ನೂ ಆರಿಸಿರಲಿಲ್ಲ. ಕೊನೆಗೆ ಅಂಗಡಿಯವರೇ ಸೋತು, ಪೂರ್ತಿ ಬಕೆಟ್ ತೆಗೆದುಕೊಂಡು ಹೋಗಿ, ಮನೆಯಲ್ಲಿ ನಿಧಾನವಾಗಿ ನೋಡಿ ಅಂದರು. ಅರವತ್ತು ಚೆಂಡು ನಮ್ಮ ಮನೆಗೆ ಬಂದವು.

ಮರುದಿನ ನನ್ನ ಅಂಗಡಿಯಿಂದ ಬರುತ್ತೇನೆ, ಅಡುಗೆಮನೆಯಲ್ಲಿದ್ದ ನಾಲ್ಕು ಪ್ಯಾಕೆಟ್ ಉಪ್ಪೂ ಖಾಲಿ. ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಉಪ್ಪು ಕಲಸಿಕೊಂಡು ಅಣ್ಣ ಕೂತಿದ್ದಾನೆ. ಸಾದಾ ನೀರಲ್ಲಿ ಮುಳುಗುವ ಚೆಂಡು ಉಪ್ಪುನೀರಲ್ಲಿ ತೇಲುತ್ತದೆ. ತೇಲುವ ಚೆಂಡನ್ನು ತಿರುಗಿಸಿಬಿಟ್ಟರೆ ಭಾರದ ಕಡೆ ಕೆಳಗಾಗಿ ನಿಲ್ಲುತ್ತದೆ. ಮತ್ತೆ ಮತ್ತೆ ಅದೇ ಕಡೆ ಮೇಲೆ ಬಂದರೆ ಆ ಚೆಂಡು ಸಮತೂಕದ್ದಲ್ಲ. ಮೇಲೆ ಬಂದ ಕಡೆಗೆ ಪೆನ್ನಿನಿಂದ ಚುಕ್ಕೆ ಇಟ್ಟು ನನ್ನ ಬಟ್ಟೆ ತುಂಬುವ ಬುಟ್ಟಿಗೆ ಹಾಕುತ್ತಿದ್ದ. ಮೂರು ದಿನ ಇದೇ ಕೆಲಸ. ಸ್ನಾನಕ್ಕೆ ನಾವೇ ಅವನ ಅಪ್ಪಣೆ ಕೇಳಬೇಕಾಯಿತು. ಒಂದನೇ ತಾರೀಖಿಗೆ ಐದೇ ದಿನ ಉಳಿದಿತ್ತು. ಬುಧವಾರ ಸಂಜೆ ನೋಡಿದರೆ ಅರವತ್ತೂ ಬುಟ್ಟಿಯಲ್ಲಿದ್ದವು, ಅರವತ್ತಕ್ಕೂ ಚುಕ್ಕೆ.

ಇವರು ಬಾಗಿಲಲ್ಲಿ ನಿಂತು ಸಮಾಧಾನದಿಂದಲೇ ಹೇಳಿದರು. ಚೆಂಡಿನ ತಪ್ಪಿನಿಂದ ಒಂದು ಗೇಣು ಆಚೀಚೆ ಆಗಬಹುದು, ನಾವು ಹೊಡೆಯುವ ಸೊಟ್ಟಕ್ಕೆ ಐವತ್ತು ಹೆಜ್ಜೆ ಆಚೆ ಹೋಗುತ್ತದೆ, ಇಷ್ಟು ನೋಡಿ ಪ್ರಯೋಜನ ಏನು ಭಾವ ಅಂತ. ನನಗೆ ತಡೆಯಲಾಗಲಿಲ್ಲ. ಅರವತ್ತರಲ್ಲಿ ಒಂದಾದರೂ ಪರವಾಗಿಲ್ಲ ಅನ್ನಿಸಲಿಲ್ಲವಾ ನಿನಗೆ, ಸೋಮವಾರ ಕಾರ್ಖಾನೆಯಲ್ಲೂ ಹೀಗೇ ಮಾಡುತ್ತೀಯಾ ಅಂತ ಕೂಗಾಡಿಬಿಟ್ಟೆ. ಅಣ್ಣ ಒದ್ದೆ ಕೈ ಒರೆಸಿಕೊಂಡ.

"ಕಾಯಿಲೆ ಗೊತ್ತಾಗೋ ಮೊದಲು ಐದು ತಿಂಗಳು ಅವಳು ನನ್ನ ಎದುರಿಗೇ ಕೂತು ಊಟ ಮಾಡಿದಾಳೆ," ಅಂದ. "ತಟ್ಟೆಯಲ್ಲಿ ಅರ್ಧ ಹಾಗೇ ಬಿಡ್ತಿದ್ಲು. ನನಗೆ ಕಾಣಲಿಲ್ಲ. ಇನ್ನು ಯಾವುದನ್ನ ನೋಡಿ ಸರಿಯಿದೆ ಅನ್ನಲಿ?"

ಇವರು ಸದ್ದಿಲ್ಲದೆ ಆಚೆ ಹೋದರು. ನಾನೂ ಹೋಗಬಹುದಿತ್ತು. ನಾಲ್ಕು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಇನ್ನೂ ನಾಲ್ಕು ವರ್ಷ ಹಾಗೇ ಇರಬಹುದಿತ್ತು. ಆದರೆ ಆ ಬಚ್ಚಲಿನ ನೆಲದ ಮೇಲೆ ಒಬ್ಬನೇ ಕೂತಿದ್ದ ಅಣ್ಣನನ್ನು ನೋಡಿ, ನಡಿ, ನಿಮ್ಮ ಮನೆಗೆ ಹೋಗಿಬರೋಣ ಅಂದೆ. ಎರಡು ಬೀದಿ ಆಚೆ. ಅತ್ತಿಗೆಯ ಬೀರು ತೆಗೆದು, ಅವಳು ಆಫೀಸಿಗೆ ಹಾಕಿಕೊಳ್ಳುತ್ತಿದ್ದ ನೀಲಿ ಅಂಗಿಯನ್ನು ಹೊರಗೆ ತೆಗೆದು, ಒಳಮಗ್ಗುಲಾಗಿ ತಿರುಗಿಸಿ ಅವನ ಕೈಗೆ ಕೊಟ್ಟೆ. ಸಡಿಲವಾದ ಬಟ್ಟೆಯನ್ನು ಒಳಕ್ಕೆ ಹಿಡಿದು ಹೊಲಿಯುವಾಗ ಒಳಗೆ ಮಿಕ್ಕ ಬಟ್ಟೆಯನ್ನು ನಾವು ಕತ್ತರಿಸುವುದಿಲ್ಲ, ಮುಂದೆ ದಪ್ಪಗಾದರೆ ಬಿಚ್ಚಲು ಬೇಕಲ್ಲ ಅಂತ ಉಳಿಸಿರುತ್ತೇವೆ. ಅಣ್ಣ ದೀಪದ ಕೆಳಗೆ ಹಿಡಿದ. ಪಕ್ಕದಲ್ಲಿ ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಎರಡು ಸಾಲು, ಅದರ ಒಳಗೆ ಈಗಿನ ಹೊಲಿಗೆ. ಅವನಿಗೆ ನಾನು ಏನನ್ನೂ ತೋರಿಸಬೇಕಾಗಲಿಲ್ಲ.

"ಎರಡು ಸಲ ಹಿಡಿದಿದೀಯ," ಅಂದ.

ಹೌದು ಅಂದೆ. ಮೊದಲ ಸಲ ಒಂದೂವರೆ ಇಂಚು, ಎರಡನೆಯ ಸಲ ಎರಡು. ಟೇಪು ಹಿಡಿದವಳು ನಾನು, ಪುಸ್ತಕದಲ್ಲಿ ಬರೆದವಳು ನಾನು. ಸಣ್ಣಗಾಗಿದೀರ ಅತ್ತಿಗೆ, ನನಗೂ ಗುಟ್ಟು ಹೇಳಿಕೊಡಿ ಅಂತ ತಮಾಷೆ ಮಾಡಿದ್ದೆ. ಅವಳು ನಕ್ಕಿದ್ದಳು. ಇಷ್ಟನ್ನೂ ಅಣ್ಣನಿಗೆ ಹೇಳಿದೆ.

"ನನಗ್ಯಾಕೆ ಹೇಳಲಿಲ್ಲ ಪುಟ್ಟಿ?"

"ನಿನ್ನ ಕಣ್ಣಿಗೆ ಬೀಳದೆ ಇರುತ್ತಾ ಅಂದ್ಕೊಂಡೆ."

ಅವನು ಆ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಏನಾದ್ರೂ ಇದ್ದಿದ್ರೆ ನಿನ್ನ ಹತ್ರ ಹೇಳಿರ್ತಾಳೆ ಅಂತ ನಾನಂದ್ಕೊಂಡೆ," ಅಂದ. ಹಾಗಂದವನು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಐವತ್ತನಾಲ್ಕು ವರ್ಷದ ಗಂಡಸು ಅಷ್ಟು ಜೋರಾಗಿ ಅತ್ತಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬರಲಿಲ್ಲ. ಬೀರುವಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ.

ಸೋಮವಾರ ಅಣ್ಣ ಕೆಲಸಕ್ಕೆ ಹೋದ. ಮೊದಲ ದಿನ ಅರ್ಧಕ್ಕರ್ಧ ಕೆಂಪು ಡಬ್ಬಕ್ಕೇ ಹೋದವಂತೆ, ವಾರದ ಕೊನೆಗೆ ಹತ್ತರಲ್ಲಿ ಒಂದು. ಕುರ್ಚಿ ಉಳಿಯಿತು ಅಂತ ಮ್ಯಾನೇಜರು ಫೋನ್ ಮಾಡಿದರು. ಭಾನುವಾರ ಬುಟ್ಟಿಗೆ ಕೈಹಾಕಿ ಸಿಕ್ಕ ನಾಲ್ಕು ಚೆಂಡು ಜೇಬಿಗಿಳಿಸಿಕೊಂಡು ಹೋಗುತ್ತಾನೆ, ಕಳೆದುಕೊಂಡು ಬರುತ್ತಾನೆ. ಮನೆಗೆ ಬಂದಾಗ ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಾನೆ, ಅಡುಗೆಯಲ್ಲಿ ಹುಳುಕು ತೆಗೆಯುತ್ತಾನೆ. ಆ ಸಂಜೆಯ ಮಾತನ್ನು ಇಬ್ಬರೂ ಮತ್ತೆ ಎತ್ತಿಲ್ಲ. ಅವನ ಮೇಲೆ ನನಗೇನೂ ಕೋಪವಿಲ್ಲ. ನನ್ನನ್ನು ಅವನು ಕ್ಷಮಿಸಿದ್ದಾನಾ ಅಂತ ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.