ಮಾರಕ್ಕ ಹೇಳಿದ ಪಾಟ

“ಎಷ್ಟು ಮಕ್ಕಳಮ್ಮ?” ಎಂದು ಫೋನಿನಲ್ಲಿ ಕೇಳಿದೆ.

“ಇಬ್ರು ಸಾರ್” ಎಂದರು ಆಕೆ.

ಇಬ್ಬರೇ ಮಕ್ಕಳು! ಆಂಧ್ರದ ಗಡಿ. ಇವತ್ತೋ ನಾಳೆಯೋ ಮುಚ್ಚುವ ಕನ್ನಡ ಶಾಲೆ. ಆ ಇಬ್ಬರಿಗಾಗಿ ದಿನಾ ಬೀಗ ತೆಗೆದು, ಗಂಟೆ ಬಾರಿಸಿ, ಪಾಠ ಹೇಳುವ ಒಬ್ಬ ಟೀಚರು. ಇದಕ್ಕಿಂತ ದೊಡ್ಡ ಆದರ್ಶ ಬೇಕೇ? ಈ ವರ್ಷದ ಸನ್ಮಾನ ಈಕೆಗೇ ಎಂದು ಫೋನ್ ಇಡುವ ಮೊದಲೇ ತೀರ್ಮಾನಿಸಿಬಿಟ್ಟೆ.

ಆಕೆ ಹೇಳಿದ್ದು ತಾನು ಹೆತ್ತ ಮಕ್ಕಳ ಲೆಕ್ಕ ಎಂದು ನನಗೆ ಗೊತ್ತಾಗಿದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ಕಾರ್ಡ್ ಅಚ್ಚಾಗಿತ್ತು, ಹಂಚಿಯೂ ಆಗಿತ್ತು.

ಈ ಅಂಕಣ ಓದುವವರಿಗೆ ನಾನು ಚಳ್ಳಕೆರೆಯ ಕಾಲೇಜೊಂದರ ಕನ್ನಡ ಮೇಷ್ಟ್ರು ಎಂಬುದು ಗೊತ್ತೇ ಇದೆ. ಗೊತ್ತಿಲ್ಲದಿರುವುದು, ನಮ್ಮ ಊರಿನಲ್ಲಿ ಓದುಗರ ಬಳಗ ಎಂದೊಂದು ಇದೆ ಎಂಬುದು. ಓದುವುದಕ್ಕಿಂತ ಶಾಲು ಹೊದಿಸುವುದರಲ್ಲಿ ನಮಗೆ ಆಸಕ್ತಿ ಹೆಚ್ಚು. ವರ್ಷಕ್ಕೊಮ್ಮೆ ಒಬ್ಬ ಮೇಷ್ಟ್ರನ್ನು ಹುಡುಕಿ ಕರೆಸಿ, ಒಂದು ಮಾದರಿ ಪಾಠ ಹೇಳಿಸಿ, ಫಲಕ ಕೊಟ್ಟು ಕಳಿಸುತ್ತೇವೆ. ಕೆಲವು ವರ್ಷದ ಹಿಂದೆ ನನಗೂ ಕೊಟ್ಟಿದ್ದಾರೆ. ‘ಆದರ್ಶ ಶಿಕ್ಷಕ’ ಎಂದು ಬರೆದಿದೆ. ಟಿ.ವಿ. ಪಕ್ಕದಲ್ಲಿ ಇಟ್ಟಿದ್ದೇನೆ. (ಬಂದವರಿಗೆ ಕಾಣಲಿ ಎಂದಲ್ಲ. ಬೇರೆ ಕಡೆ ಜಾಗ ಇಲ್ಲ.)

ಈ ವರ್ಷ ಬಳಗದ ಕಾರ್ಯದರ್ಶಿ ನಾನು. ಗಡಿ ಕಡೆಯ ಯಾರನ್ನಾದರೂ ಕರೆಸೋಣ ಎಂದುಕೊಂಡು ಮೊಳಕಾಲ್ಮೂರಿನ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿಯಿತು ಎಂದು ಅವನಿಗೇ ತಿಳಿಯುವುದಿಲ್ಲ.

“ನಮ್ಮ ಕಡೆ ಮಾರಕ್ಕ ಅಂತ ಒಬ್ಳು ಐದಾಳೆ ಕಣಲೇ. ಆಯಮ್ಮ ಪಾಟ ಹೇಳಕ್ಕೆ ನಿಂತ್ಲು ಅಂದ್ರೆ ಕೂತೋರು ಏಳಲ್ಲ. ಯಾರ ಪಾಟ ಆದ್ರೂ ಸರಿ, ತನ್ನದೇ ಮಾಡ್ಕೊಂಡು ಹೇಳ್ತಾಳೆ.”

ಪಾಠ ಎಂದು ನನಗೆ ಕೇಳಿಸಿತು. ಯಾರ ಪಾಠವಾದರೂ ಸರಿ ಎಂದರೆ? ಗಣಿತದವರು ರಜೆ ಹಾಕಿದರೆ ಗಣಿತ, ವಿಜ್ಞಾನದವರು ಬಾರದಿದ್ದರೆ ವಿಜ್ಞಾನ. ಅಬ್ಬಾ, ಎಂಥ ಹೆಣ್ಣುಮಗಳು!

ಆದರೆ ತೆಲುಗಿನಲ್ಲಿ ಪಾಟ ಎಂದರೆ ಹಾಡು. ನಮ್ಮ ಸೀಮೆಯಲ್ಲಿ ಹಾಡನ್ನೂ ‘ಹೇಳುತ್ತಾರೆ’, ಪಾಠವನ್ನೂ ‘ಹೇಳುತ್ತಾರೆ’. ಎರಡೂ ಸೇರಿ ತಿಪ್ಪೇಸ್ವಾಮಿಯ ಬಾಯಲ್ಲಿ ‘ಪಾಟ ಹೇಳ್ತಾಳೆ’ ಆಗಿದೆ. ಇಪ್ಪತ್ತೆರಡು ವರ್ಷದಿಂದ ಮಹಾಪ್ರಾಣ ಬಿಟ್ಟ ಹುಡುಗರಿಗೆ ಅರ್ಧರ್ಧ ಅಂಕ ಕತ್ತರಿಸುತ್ತ ಬಂದವನು ನಾನು. ಅವತ್ತು ಇಲ್ಲದ ಮಹಾಪ್ರಾಣವನ್ನು ನಾನೇ ಸೇರಿಸಿಕೊಂಡೆ. ನನಗೆ ಅಂಕ ಕತ್ತರಿಸುವವರು ಯಾರು?

ಮಾರಕ್ಕನಿಗೆ ಫೋನ್ ಮಾಡಿದಾಗಲೂ ತಪ್ಪು ನಡೆದೇ ಹೋಯಿತು. ಎಷ್ಟು ವರ್ಷದಿಂದ ಹೇಳ್ತಿದ್ದೀರಿ ಎಂದು ಕೇಳಿದೆ. ಸಣ್ಣವಳಿದ್ದಾಗಿನಿಂದ ಎಂದರು. ಟ್ರೈನಿಂಗ್ ಎಲ್ಲಿ ಆಯಿತು ಎಂದೆ. ಎಂಥದೂ ಇಲ್ಲ, ಕೇಳಿ ಕೇಳಿ ಬಂತು ಎಂದರು. ಎಂಥ ವಿನಯ ಎಂದುಕೊಂಡೆ. ಆಮೇಲೆ, ನಮ್ಮ ವೇದಿಕೆಯಲ್ಲಿ ನಿಮ್ಮದೇ ರೀತಿಯಲ್ಲಿ ಒಂದು ಹೇಳಬೇಕು, ಎಷ್ಟು ಹೊತ್ತಾದರೂ ಸರಿ, ನಡುವೆ ಯಾರೂ ನಿಲ್ಲಿಸುವುದಿಲ್ಲ ಎಂದು ಭರವಸೆ ಕೊಟ್ಟೆ.

“ನಿಜವಾಗ್ಲೂ ನಿಲ್ಸಲ್ವಾ ಸಾರ್?” ಎಂದು ಕೇಳಿದರು. ಒಬ್ಬ ಟೀಚರಿಗೆ ಇದೆಂಥ ಅನುಮಾನ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾರ್ಡಿನಲ್ಲಿ ‘ಗಡಿನಾಡಿನ ಆದರ್ಶ ಶಿಕ್ಷಕಿ ಶ್ರೀಮತಿ ಮಾರಕ್ಕ’ ಎಂದು ಅಚ್ಚು ಹಾಕಿಸಿದೆ. ತಿಪ್ಪೇಸ್ವಾಮಿಗೆ ವಾಟ್ಸಾಪ್ ಮಾಡಿದೆ. ಅವನು ಕೈ ಮುಗಿದ ಎಮೋಜಿ ಕಳಿಸಿದ. (ವಾಟ್ಸಾಪಿನಲ್ಲಿ ಬಂದ ಆಮಂತ್ರಣವನ್ನು ತೆರೆದು ಓದಿದವರನ್ನು ನೀವು ನೋಡಿದ್ದೀರಾ?)

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮಾರಕ್ಕ ಬಸ್ಸಿಳಿದರು. ನಲವತ್ತೈದರ ಆಸುಪಾಸು, ಕೈಯಲ್ಲೊಂದು ಬುತ್ತಿಯ ಚೀಲ. ಆಟೋದಲ್ಲಿ ಕೂರಿಸಿಕೊಂಡು ಸಭಾಭವನಕ್ಕೆ ಹೊರಟೆ. ದಾರಿಯಲ್ಲಿ, ಶಾಲೆಗೆ ಇವತ್ತು ಹೇಗೂ ರಜೆ ಅಲ್ಲವೇ ಎಂದೆ.

“ಏನ್ ಸಾಲೆ ಸಾರ್? ನಾನು ನಾಕನೇ ಕ್ಲಾಸಿಗೇ ಬಿಟ್ಟೆ” ಎಂದರು.

ಆಟೋ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಹೋಗುತ್ತಿತ್ತು. ಒಂದೊಂದೇ ಪ್ರಶ್ನೆ ಕೇಳಿದೆ. ಮಾರಕ್ಕ ಮೊಳಕಾಲ್ಮೂರಿನ ಮಗ್ಗದ ಮನೆಯೊಂದರಲ್ಲಿ ರೇಷ್ಮೆ ನೂಲು ಸುತ್ತುವವರು. (ಉಟ್ಟಿದ್ದು ಪಾಲಿಯೆಸ್ಟರ್ ಸೀರೆ.) ಎರಡು ವರ್ಷ ಮದುವೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡಿದವರು. ಆದರೆ ಹಾಡನ್ನು ಇದ್ದ ಹಾಗೆ ಹಾಡುವುದು ಅವರಿಂದ ಆಗುತ್ತಿರಲಿಲ್ಲ. ಓಡುವ ಹಾಡು ಇವರ ಬಾಯಲ್ಲಿ ನಡೆಯುತ್ತಿತ್ತು, ನಡೆಯುವ ಹಾಡು ಕೂತುಬಿಡುತ್ತಿತ್ತು. ಮೊದಲೇ ರೆಕಾರ್ಡ್ ಆದ ವಾದ್ಯದ ಟ್ರ್ಯಾಕ್ ಒಂದು ಕಡೆ, ಇವರೊಂದು ಕಡೆ. ಕುಣಿಯಲು ನಿಂತವರು ಗೊಣಗಿದಾಗ ಕೀಬೋರ್ಡಿನವನು ನಡುವೆಯೇ ಇವರ ಮೈಕ್ ಆಫ್ ಮಾಡುತ್ತಿದ್ದನಂತೆ. ಮೂರನೇ ಸಲ ಹಾಗಾದಾಗ ವೇದಿಕೆ ಇಳಿದವರು ಮತ್ತೆ ಹತ್ತಿಲ್ಲ. ಇದಾಗಿ ಆರು ವರ್ಷ. ಆಮೇಲೆ ಏನಿದ್ದರೂ ಮಗ್ಗದ ಮನೆಯಲ್ಲಿ, ಅಕ್ಕಪಕ್ಕದವರ ಮುಂದೆ.

ಹಾಡು ಯಾಕೆ ಬದಲಾಗುತ್ತದೆ ಎಂದು ಕೇಳಿದೆ. ಮಗ್ಗದ ಸದ್ದಿನಲ್ಲಿ ಮೊಬೈಲಿನ ಹಾಡು ಅರ್ಧ ಮಾತ್ರ ಕೇಳಿಸುತ್ತದಂತೆ. ಉಳಿದರ್ಧವನ್ನು ಇವರೇ ತುಂಬಿಕೊಳ್ಳುವುದಂತೆ.

“ಒಂದ್ಸಲ ಕೊನೆಗಂಟ ಹಾಡಬೇಕು ಅಂತ ಭಾಳ ಆಸೆ ಐತೆ ಸಾರ್. ನಡುವೆ ನಿಲ್ಸಲ್ಲ ಅಂದ್ರಲ್ಲ, ಅದಕ್ಕೇ ಬಂದೆ.”

ಏನು ಹೇಳಲಿ? ನಿಮ್ಮನ್ನು ಕರೆದದ್ದು ಒಂದು ಅಕ್ಷರದ ತಪ್ಪಿನಿಂದ ಎಂದೇ? ಹೇಳಿದೆ. ಮುಚ್ಚಿಡಲಿಲ್ಲ. ಮಾರಕ್ಕ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಹಂಗಾದ್ರೆ ವಾಪಸ್ ಬಸ್ ಎಷ್ಟೊತ್ತಿಗೆ ಎಂದು ಕೇಳಿದರು. ಅಷ್ಟು ಮೆಲ್ಲಗೆ ಕೇಳಿದ್ದರಿಂದಲೇ ನನಗೆ ನನ್ನ ಮೇಲೆ ಸಿಟ್ಟು ಬಂತು. ಮಾತು ಕೊಟ್ಟವನು ನಾನು. ಅಕ್ಷರ ತಪ್ಪಿರಬಹುದು, ಮಾತು ತಪ್ಪಬಾರದಲ್ಲ. ಹಾಡಿಯೇ ಹೋಗಬೇಕು ಎಂದೆ.

ನಮ್ಮ ಅಧ್ಯಕ್ಷರು ರುದ್ರಪ್ಪನವರು, ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ವಿಷಯ ಕೇಳಿ ಕೆಂಡವಾದರು. ಮುಂದಿನ ಸಾಲಿನಲ್ಲಿ ಮೂವತ್ತು ಜನ ಮೇಷ್ಟ್ರುಗಳು ಕೂತಿದ್ದಾರೆ, ಆರ್ಕೆಸ್ಟ್ರಾದವರಿಗೆ ಶಾಲು ಹೊದಿಸುವುದೇ? ಅದೂ ಬೇರೆಯವರು ಹಾಡಿದ ಹಾಡು ಹಾಡುವವರಿಗೆ? ಶಾಲು ಬೇಕಾದರೆ ಕೊಡಿ, ಮೈಕ್ ಕೊಡಬೇಡಿ ಎಂದು ಅಪ್ಪಣೆಯಾಯಿತು.

“ಶೇಂಗಾ ಪರಶುರಾಂಪುರದ ರೈತರದ್ದು, ಎಣ್ಣೆ ನಿಮ್ದು ಅಲ್ವೇನ್ರಿ ಯಜಮಾನ್ರೆ?” ಎಂದೆ.

ಅಷ್ಟು ಹೇಳಿ ನಾನು ಮೈಕ್ ಹಿಡಿದು ಸಭೆಗೆ ನಡೆದದ್ದೆಲ್ಲ ಹೇಳಿಬಿಟ್ಟೆ. ಪಾಟ, ಪಾಠ, ಇಬ್ಬರು ಮಕ್ಕಳು, ಎಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರ ಮುಂದೆ ಮಾರಕ್ಕ ಬಂದು ನಿಂತರು.

ಆರಿಸಿಕೊಂಡದ್ದು ಯಾವ ಹಾಡು ಎಂದುಕೊಂಡಿರಿ? ಕುಣಿಯುವ ಹಾಡು. ಮದುವೆ ಮೆರವಣಿಗೆಯಲ್ಲಿ, ಕಾಲೇಜ್ ಡೇಯಲ್ಲಿ, ಟ್ರ್ಯಾಕ್ಟರ್ ಸ್ಪೀಕರಿನಲ್ಲಿ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ಹಾಡು. ಸಿನಿಮಾದಲ್ಲಿ ಹೀರೋ ಹುಡುಗಿಯನ್ನು ‘ಹೊರಗೆ ಬಾ’ ಎಂದು ಕೆಣಕುತ್ತಾನೆ, ಅವನ ಹಿಂದೆ ಇಪ್ಪತ್ತು ಜನ ಜಿಗಿಯುತ್ತಾರೆ.

ಮಾರಕ್ಕ ಟ್ರ್ಯಾಕ್ ಬೇಡ ಎಂದರು. ಕಣ್ಣು ಮುಚ್ಚಿದರು. ಬಲಗೈ ತನ್ನಷ್ಟಕ್ಕೆ ನೂಲು ಸುತ್ತುವ ಹಾಗೆ ತಿರುಗತೊಡಗಿತು, ಅದೇ ತಾಳ. ಮೊದಲ ಸಾಲು ಬಂತು. ಮೂರು ಸೆಕೆಂಡಿನ ಸಾಲಿಗೆ ಅರ್ಧ ನಿಮಿಷ ಹಿಡಿಯಿತು. ‘ಬಾ’ ಎಂದರು. ಬರುವುದಿಲ್ಲ ಎಂದು ಗೊತ್ತಿದ್ದೂ ಕರೆಯುವ ‘ಬಾ’ ಅದು. ಅದೇ ಸಾಲನ್ನು ಮತ್ತೆ ಹಾಡಿದರು. ಈ ಸಲ ‘ಬಾ’ದಲ್ಲಿ ಸಿಟ್ಟಿತ್ತು. ಮೂರನೇ ಸಲ ಬರೀ ಉಸಿರಿತ್ತು. ಹಾಡು ಹುಟ್ಟಿದ್ದೇ ಹೀಗೆ, ಸಿನಿಮಾದವರು ಅದನ್ನು ಹಿಡಿದು ಕುಣಿಸಿದರು ಎಂದು ನನಗನ್ನಿಸಿತು.

ಮೂಲದಲ್ಲಿ ಮನೆ ‘ಕಾದಿದೆ’ ಎಂದಿದೆ. ಮಾರಕ್ಕ ‘ಕಾದೈತೆ’ ಎಂದರು. ಮುಂದಿನ ಸಾಲಿನ ಮೇಷ್ಟ್ರುಗಳು ಒಬ್ಬರನ್ನೊಬ್ಬರು ನೋಡಿದರು. ನನ್ನ ಕೈಯೂ ಜೇಬಿನ ಕೆಂಪು ಪೆನ್ನಿನ ಹತ್ತಿರ ಹೋಯಿತು. ಚಾಳಿ, ಏನು ಮಾಡುವುದು?

ಹೋದ ಕೈ ಅಲ್ಲೇ ನಿಂತಿತು. ನನ್ನ ಅವ್ವ ಸಾಯುವವರೆಗೂ ‘ಐತೆ’ ಎಂದವಳು. ಬಿ.ಎ. ಓದುವಾಗ ಗೆಳೆಯರ ಮುಂದೆ, ‘ಐತೆ ಅಲ್ಲವ್ವ, ಇದೆ’ ಎಂದು ನಾನು ಅವಳನ್ನು ತಿದ್ದಿದ್ದೆ. ಆಮೇಲೆ ನನ್ನ ಗೆಳೆಯರು ಬಂದರೆ ಅವಳು ಕಾಫಿ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವತ್ತು, ಮೇಷ್ಟ್ರುಗಳು ತುಂಬಿದ ಸಭೆಯಲ್ಲಿ, ನನಗೆ ಅಳು ಬಂತು. ನಾಚಿಕೆಯೂ ಆಯಿತು.

ಅಷ್ಟರಲ್ಲಿ ರುದ್ರಪ್ಪನವರಿಂದ ಚೀಟಿ ಬಂತು: ‘ಸಾಕು ಮಾಡಿಸಿ, ಊಟಕ್ಕೆ ಹೊತ್ತಾಯಿತು.’ ಮಡಚಿ ಜೇಬಿಗೆ ಹಾಕಿದೆ. ಅವರು ಮೈಕ್ ಸೆಟ್ಟಿನವನಿಗೆ ಕೈಸನ್ನೆ ಮಾಡಿದರು. ನಾನೆದ್ದು ಹೋಗಿ ಆಂಪ್ಲಿಫೈಯರಿಗೆ ಅಡ್ಡ ನಿಂತೆ. ಐವತ್ತು ದಾಟಿದ ಮೇಲೆ ಮೈ ಅಗಲವಾಗಿರುವುದು ಕೆಲವು ಸಲ ಉಪಯೋಗಕ್ಕೆ ಬರುತ್ತದೆ. ಹಾಡು ಕೊನೆಯವರೆಗೂ ನಡೆಯಿತು. ಮಾರಕ್ಕ ಕಣ್ಣು ಬಿಟ್ಟು ಮೊದಲು ನೋಡಿದ್ದು ಸಭೆಯನ್ನಲ್ಲ, ಮೈಕಿನ ಸಣ್ಣ ಕೆಂಪು ದೀಪವನ್ನು. ಅದು ಉರಿಯುತ್ತಿತ್ತು.

ಚಪ್ಪಾಳೆ ತಡವಾಗಿ ಬಂತು, ಬಂದದ್ದು ನಿಲ್ಲಲಿಲ್ಲ.

ರುದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, ಇದು ಯಾವ ಸಿನಿಮಾದ ಹಾಡು, ಎಲ್ಲೋ ಕೇಳಿದಂತಿದೆ ಎಂದರು. ನಿಮ್ಮ ಮಗನ ಮದುವೆಯಲ್ಲಿ ನೀವೇ ಪೇಟ ಕಟ್ಟಿಕೊಂಡು ಕುಣಿದ ಹಾಡು ಎಂದೆ.

“ಅದ್ರಾಗೆ ಇಷ್ಟು ದುಃಖ ಐತಾ?” ಎಂದರು.

ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಇಂಥ ಹಾಡುಗಾರಿಕೆಯನ್ನು ಅಮೆರಿಕದಲ್ಲಿ ‘ಸೋಲ್’, ಅಂದರೆ ಆತ್ಮ, ಎನ್ನುತ್ತಾರೆ ಎಂದರು. ಬೇರೆಯವರ ಹಾಡನ್ನು ತೆಗೆದುಕೊಂಡು ತಮ್ಮ ಜೀವ ಹಾಕಿ ಹಾಡುವವರು ಅಲ್ಲಿ ದೊಡ್ಡ ದೊಡ್ಡ ಕಲಾವಿದರಂತೆ. (ನಮಗೆ ಗೊತ್ತಿರುವುದು ಸೋಲು ಮಾತ್ರ. ಅವತ್ತು ಸೋತವರು ನಾವೇ.) ನಮ್ಮಲ್ಲಿ ಮಾತ್ರ ಎಲ್ಲವೂ ‘ಆ್ಯಸ್ ಇಟ್ ಈಸ್’ ಬೇಕು. ರೀಲ್ಸಿನ ಸ್ಟೆಪ್ಪು, ಬ್ಯೂಟಿ ಪಾರ್ಲರಿನ ಮದುಮಗಳು, ಪರೀಕ್ಷೆಯ ಉತ್ತರ, ಎಲ್ಲ ಇದ್ದ ಹಾಗೇ. ಒಂದು ಪದ ಆಚೀಚೆ ಆದರೆ ಮೈಕ್ ಆಫ್. ಹಾಗಾದರೆ ಹಾಡುವುದಕ್ಕೆ ಮನುಷ್ಯರೇಕೆ, ಪೆನ್‌ಡ್ರೈವ್ ಸಾಲದೇ?

ಕೊನೆಗೆ ಉಳಿದದ್ದು ಫಲಕದ ಪೇಚು. ‘ಆದರ್ಶ ಶಿಕ್ಷಕಿ’ ಎಂದು ಹಿತ್ತಾಳೆಯಲ್ಲಿ ಕೆತ್ತಿಸಿಬಿಟ್ಟಿದ್ದೇವೆ. ಒಂದು ವಾರದಲ್ಲಿ ‘ಗಾಯಕಿ’ ಎಂದು ಬದಲಾಯಿಸಿ ಕಳಿಸುತ್ತೇನೆ ಎಂದು ಮಾರಕ್ಕನಿಗೆ ಹೇಳಿದೆ. ಅವರು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಸೆರಗಿನಿಂದ ಒರೆಸಿ ಬುತ್ತಿಯ ಚೀಲಕ್ಕೆ ಹಾಕಿಕೊಂಡರು.

“ಇರ್ಲಿ ಬಿಡ್ರಿ ಸಾರ್. ಬೇರೇರ್ದು ತಗಂಡು ನಂದು ಮಾಡ್ಕೊಳ್ಳೋದೇ ಅಲ್ವಾ ನನ್ ಕೆಲ್ಸ?”

ಬಸ್ ಹತ್ತಿಸಿ ಬಂದೆ.

ಮರುದಿನ ಸೋಮವಾರ, ಎರಡನೇ ಪೀರಿಯಡ್. ಪದ್ಯದ ಪಾಠ. ನನ್ನ ನೋಟ್ಸ್ ತೆಗೆದೆ. ನನ್ನದು ಎಂದರೆ, ನನ್ನ ಗುರುಗಳು ನಮಗೆ ಬರೆಸಿದ್ದು. ಅವರಿಗೆ ಅವರ ಗುರುಗಳು ಬರೆಸಿದ್ದಿರಬೇಕು. ಇಪ್ಪತ್ತೆರಡು ವರ್ಷದಿಂದ ಒಂದು ಕಾಮಾ ಬದಲಾಯಿಸದೆ ಓದಿ ಹೇಳಿದ್ದೇನೆ, ಹುಡುಗರು ಬರೆದುಕೊಂಡಿದ್ದಾರೆ, ರಿಸಲ್ಟ್ ಚೆನ್ನಾಗಿಯೇ ಬಂದಿದೆ. ಮೊದಲ ಸಾಲು ಓದಿದೆ. ನನ್ನದೇ ದನಿ ನನಗೆ ಟ್ರ್ಯಾಕಿನ ಹಾಗೆ ಕೇಳಿಸಿತು.

ಫಲಕ ಸೇರಬಾರದವರ ಕೈ ಸೇರಿತು ಎಂದು ಬಳಗದಲ್ಲಿ ಕೆಲವರು ಈಗಲೂ ಮಾತಾಡುತ್ತಾರೆ. ಅದು ಮೊಳಕಾಲ್ಮೂರಿನ ಮನೆಯೊಂದರಲ್ಲಿದೆ, ಇನ್ನೊಂದು ನನ್ನ ಟಿ.ವಿ. ಪಕ್ಕದಲ್ಲಿದೆ. ಈಗ ನೀವೇ ಹೇಳಿ, ಅಚ್ಚಿನ ತಪ್ಪು ಯಾವುದರಲ್ಲಿದೆ?