ಪುಟ್ಟತಾಯಕ್ಕನಿಗೆ ಕುರ್ಚಿ ಇರಲಿಲ್ಲ

ಪುಟ್ಟತಾಯಕ್ಕ ಬರುತ್ತಿದ್ದಾಳೆಂದು ಮೊದಲು ಹೇಳುತ್ತಿದ್ದುದು ಅವಳ ಬಕೆಟ್ಟು. ಗೋಡೆಯ ಹಿಂದೆ ಯಾರಾದರೂ ತೂಕಡಿಸುತ್ತಿದ್ದರೆ ಬೇಕೆಂದೇ ಅದರ ಹಿಡಿಯನ್ನು ಲಟಲಟ ಕುಟ್ಟುವಳು. “ಏಳ್ರಪ್ಪೋ, ನಿಮ್ ಮಾವ ಬತ್ತಾವ್ನೆ,” ಎಂದು ಸೂಪರ್‌ವೈಸರ್ ಬರುವ ಮುನ್ನವೇ ಎಬ್ಬಿಸಿಬಿಡುವಳು. ಬಿಡದಿಯ ನಮ್ಮ ಕಾರ್ಖಾನೆಯಲ್ಲಿ ನೆಲ ಒರೆಸುವ ಗುತ್ತಿಗೆ ಕೆಲಸ ಅವಳದು. ಊರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ. ಯಾರ ಮುಖ ಬಾಡಿದ್ದರೂ ನೆಲ ಒರೆಸುವ ಕೋಲನ್ನು ಗೋಡೆಗೊರಗಿಸಿ, “ಏನ್ಲಾ ಮಗ, ಉಂಡ್ಯಾ?” ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ನಮ್ಮ ಜೊತೆಯ ಸಿದ್ದರಾಜುವಿನ ಕೈ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋದ ದಿನ ನಾವೆಲ್ಲ ಕೈಕಾಲು ಆಡದೆ ನಿಂತುಬಿಟ್ಟೆವು. ಆಂಬುಲೆನ್ಸ್ ಹೋದ ಮೇಲೆ ನಮ್ಮನ್ನು ಮನೆಗೆ ಕಳಿಸಿದರು. ಪುಟ್ಟತಾಯಕ್ಕನನ್ನು ಮಾತ್ರ ನಿಲ್ಲಿಸಿಕೊಂಡರು. ಮುಂದಿನ ಪಾಳಿಯವರು ಬರುವಷ್ಟರಲ್ಲಿ ಯಂತ್ರ ಚೊಕ್ಕವಾಗಿರಬೇಕಿತ್ತಲ್ಲ. ರಕ್ತವನ್ನೆಲ್ಲ ಅವಳೊಬ್ಬಳೇ ತೊಳೆದಳು.

ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನಿಂದ ಕೌನ್ಸೆಲಿಂಗ್ ಮೇಡಂ ಬಂದರು. ಅಪಘಾತ ಕಂಡವರ ಮನಸ್ಸಿಗೆ ಧೈರ್ಯ ತುಂಬಲಿಕ್ಕಂತೆ. ಟ್ರೈನಿಂಗ್ ರೂಮಿನಲ್ಲಿ ನಮಗೆಲ್ಲ ಕುರ್ಚಿ ಹಾಕಿದವಳು ಪುಟ್ಟತಾಯಕ್ಕ. ಹಾಕಿ, ಬಾಗಿಲ ಹೊರಗೆ ನಿಂತಳು. ಮುಗಿದ ಮೇಲೆ ಎತ್ತಿಡುವವಳೂ ಅವಳೇ.

“ಅಕ್ಕನ್ನೂ ಒಳಗೆ ಕೂರಿಸ್ಬೋದಲ್ವಾ ಸಾರ್?” ಎಂದು ಎಚ್‌ಆರ್ ಸಾಹೇಬರನ್ನು ಕೇಳಿದೆ.

“ಅವ್ರು ನಮ್ಮ ಸ್ಟಾಫ್ ಅಲ್ಲಪ್ಪ, ಕಂಟ್ರಾಕ್ಟರ್ ಕಡೆಯವ್ರು,” ಎಂದರು.

ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ರಕ್ತ ತೊಳೆಯುವಾಗ ಅವಳು ಯಾರ ಕಡೆಯವಳಾಗಿದ್ದಳೋ!

ಆಮೇಲೆ ಬಕೆಟ್ಟಿನ ಸದ್ದು ಅಡಗಿತು. ಪ್ರೆಸ್ಸಿನ ಹತ್ತಿರ ಹೋಗಲು ಅವಳಿಗೆ ಕಾಲೇ ಬರುತ್ತಿರಲಿಲ್ಲ. ಕೆಲಸ ಕದಿಯುತ್ತಾಳೆಂದು ಕಂಟ್ರಾಕ್ಟರ್ ಬಿಡಿಸಿಬಿಟ್ಟ.

ಕೊನೆಯ ಸಲ ಸಿಕ್ಕಿದ್ದು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ. ಸೊರಗಿದ್ದಳು. ಒಣಗಿದ ಅಂಗೈಯನ್ನೇ ಸೆರಗಿಗೆ ಒರೆಸುತ್ತಿದ್ದಳು. “ಸಿದ್ರಾಜು ಹೆಂಗವ್ನೆ?” ಎಂದು ವಿಚಾರಿಸಿ, “ಅವತ್ತು ಆ ಮೇಡಮ್ಮು ಒಳ್ಗೆ ಏನ್ ಯೋಳ್ಕೊಟ್ರು ಮಗ? ನಂಗೂ ಒಸಿ ಯೋಳು. ಕಣ್ ಮುಚ್ಚುದ್ರೆ ಸಾಕು, ಅದೇ ಬತ್ತದೆ,” ಎಂದಳು.

“ಉಸ್ರು ನಿಧಾನಕ್ಕೆ ಒಳಕ್ಕೆ ಎಳ್ಕೊಂಡು ಬುಡ್ಬೇಕಂತೆ ಅಕ್ಕ,” ಎಂದೆ.

ಬಸ್ಸುಗಳ ಗದ್ದಲದ ನಡುವೆ ಅವಳು ಶಾಲೆಯ ಹುಡುಗಿಯಂತೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಉಸಿರೆಳೆದಳು. ತಟ್ಟನೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಆಯ್ತಿಲ್ಲ ಕಣ್ಲಾ ಮಗ. ಉಸ್ರು ಎಳುದ್ರೆ ಅದೇ ವಾಸ್ನೆ.”