ಪಥ್ಯದ ದೊಡ್ಡತಾಯಮ್ಮ
ಬಾಣಂತನಕ್ಕೆಂದು ತೆರಕಣಾಂಬಿಯ ಯಾವ ಮನೆಗೆ ಹೋದರೂ ದೊಡ್ಡತಾಯಮ್ಮ ಮೊದಲು ನೋಡುವುದು ಕೂಸನ್ನಲ್ಲ, ಅಡುಗೆಮನೆಯನ್ನು. ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೊಟ್ಟೆಯಂತೂ ನಂಜಿಗೇ ನಂಜು. ಕಡಲೆಕಾಯಿ ಗಾಡಿ ಬೀದಿಗೆ ಬಂದರೆ ಬಾಣಂತಿಯ ಕಿಟಕಿಯನ್ನೇ ಮುಚ್ಚಿಸುತ್ತಾಳೆ. “ಡಾಕ್ಟ್ರು ಎಲ್ಲಾ ತಿನ್ನು ಅಂದವ್ರೆ ಕಣಜ್ಜಿ” ಎಂದರೆ, “ನಿನ್ನ ಹಾಲು ಕುಡಿಯೋದು ಡಾಕ್ಟ್ರಾ? ಸುಮ್ನೆ ಮೆಣಸಿನ ಸಾರು ಉಣ್ಣಮ್ಮಿ” ಎನ್ನುತ್ತಾಳೆ. ಮೊನ್ನೆ ನಾಗಮಣಿಯ ಕೂಸಿಗೆ ಮೈತುಂಬ ದದ್ದು ಎದ್ದಾಗ ಅವಳ ಅತ್ತೆ, “ಇವಳ ಹಾಲೇ ಆಗ್ತಿಲ್ಲ, ಹಸುವಿನ ಹಾಲು ಕುಡ್ಸನ ಬುಡು” ಎಂದು ಕೂಸನ್ನು ಎತ್ತಿಕೊಳ್ಳಲು ಹೋದಳು. ದೊಡ್ಡತಾಯಮ್ಮ ಅಡ್ಡ ನಿಂತಳು. “ಬೇಕಾದ್ರೆ ಇವಳ ಬಾಯಿ ಕಟ್ಸು, ಎದೆ ಬುಡುಸ್ಬ್ಯಾಡ. ನಮ್ಮತ್ತೆ ಇಂಗೇ ಬುಡ್ಸಿದ್ಲು ಕಣವ್ವ. ಒಂಬತ್ತು ದಿನ ನನ್ನ ಹಾಲ ಎಕ್ಕದ ಗಿಡದ ಬುಡಕ್ಕೆ ಹಿಂಡ್ದೆ. ಹತ್ತನೇ ದಿನ ಕೂಸಿರ್ಲಿಲ್ಲ. ಹಾಲು ಬರ್ತಾನೇ ಇತ್ತು.”